ಯಾರ ಹಂಗೂ ಬೇಡ ಅನ್ನೋರ ಜೊತೆ ಒಂದು ಜಗಳ

ಉದ್ದ ಇದೆ. ಡೈರಿಗೆ ಹಾಲು ಹಾಕಿ ಬಂದು, ಪುರುಸೊತ್ತು ಮಾಡ್ಕೊಂಡು ಓದಿ.

ಈಗ ಒಂದೆರಡು ವರ್ಷದಿಂದ ನಮ್ಮ ಕಡೆ ಒಂದು ಮಾತು ಜಾಸ್ತಿ ಆಗಿದೆ. "ಯಾರ ಹಂಗೂ ಬೇಡ ಕಣಪ್ಪ, ತೋಟ ಸೇರ್ಕೊಂಡು ನಮ್ಮ ಪಾಡಿಗೆ ನಾವು ಇದ್ದುಬಿಡೋಣ." ಮದುವೆ ಮನೇಲಿ ಕೇಳಿದೆ, ಸಂತೇಲಿ ಕೇಳಿದೆ, ಕೊಬ್ಬರಿ ಹರಾಜಿನ ದಿನ ಟೀ ಅಂಗಡಿ ಮುಂದೆ ಕೇಳಿದೆ. ಹೇಳೋರು ಯಾರೋ ಸನ್ಯಾಸಿಗಳಲ್ಲ, ನಮ್ಮ ಥರ ಮೂರು ಎಕರೆ, ನಾಲ್ಕು ಎಕರೆ ತೆಂಗು, ಒಂದಿಷ್ಟು ರಾಗಿ ಇಟ್ಕೊಂಡೋರು. ಕೇಳಿದೋರೆಲ್ಲ ತಲೆ ಆಡಿಸ್ತಾರೆ. ನನಗೆ ಮಾತ್ರ ಈ ಮಾತು ಗಂಟಲಲ್ಲಿ ಇಳಿಯಲ್ಲ. ಯಾಕೆ ಅಂತ ಬರೀತಿದ್ದೀನಿ.

ಮೊದಲು ಈ ಮಾತಿನ ವ್ಯಾಪಾರ ನೋಡಿ. ಹೈವೇ ಪಕ್ಕ ಬೋರ್ಡ್ ಹಾಕ್ಬಿಟ್ಟಿದ್ದಾರೆ: ಪ್ರಕೃತಿಯ ಮಡಿಲಲ್ಲಿ ಏಕಾಂತ, ಹತ್ತು ಗುಂಟೆಗೆ ಇಷ್ಟು. ನಮ್ಮ ತಾತ ಮುತ್ತಾತಂದಿರು ರಾಗಿ ಬೆಳೆದ ಹೊಲಕ್ಕೆ ಕಾಂಪೌಂಡ್ ಹಾಕಿ, ಗೇಟ್ ಇಟ್ಟು, ಏಕಾಂತವನ್ನ ಗುಂಟೆ ಲೆಕ್ಕದಲ್ಲಿ ಮಾರ್ತಾರೆ. ಕೊಂಡೋರು ತಿಂಗಳಿಗೊಂದು ಸಲ ಕಾರಲ್ಲಿ ಬಂದು ಸಂಜೆ ಫೋಟೋ ತೆಗೆದು ಹಾಕ್ತಾರೆ. ಅದನ್ನ ನಮ್ಮ ಹುಡುಗರು ಫೋನಲ್ಲಿ ನೋಡಿ "ಬದುಕು ಅಂದ್ರೆ ಇದು" ಅಂತಾರೆ. ಅಲ್ಲಿ ಗಿಡಕ್ಕೆ ನೀರು ಹಾಯಿಸೋನು, ರಾತ್ರಿ ಕಾವಲು ಕಾಯೋನು, ಕಳೆ ಕೀಳೋ ಹೆಂಗಸರು ಫೋಟೋದಲ್ಲಿ ಇರಲ್ಲ. ಅವರು ಇದ್ರೆ ಏಕಾಂತ ಕೆಟ್ಟುಹೋಗುತ್ತಲ್ಲ.

ಅವರು ಊರಿನೋರಲ್ಲ, ಅವರ ಮಾತು ಬಿಡಿ. ನನ್ನ ಜಗಳ ನಮ್ಮೋರ ಜೊತೆ.

ನಮ್ಮೋರಿಗೆ ಈ ಆಸೆ ಯಾಕೆ ಬರುತ್ತೆ ಅನ್ನೋದು ನನಗೆ ಗೊತ್ತು. ಊರೊಳಗೆ ಇರೋದು ಸುಲಭ ಅಲ್ಲ. ಪಂಚಾಯ್ತಿ ಎಲೆಕ್ಷನ್ ಬಂತು ಅಂದ್ರೆ ಅಣ್ಣ ತಮ್ಮ ಮುಖ ನೋಡಲ್ಲ. ಒಂದು ಮೊಳ ಬದುವಿಗೆ ಹತ್ತು ವರ್ಷ ಕೋರ್ಟು. ಮುಯ್ಯಿ ಮಾಡಿ ಮಾಡಿ ಕೈ ಖಾಲಿ. ಬೀದಿಯಲ್ಲಿ ಹೊಸ ಬೈಕ್ ಬಂದ್ರೂ ಮಾತು, ಹಳೇ ಸಾಲ ತೀರದಿದ್ರೂ ಮಾತು. ಇದೆಲ್ಲ ಬಿಟ್ಟು ತೋಟದ ಮನೆಗೆ ಹೋದ್ರೆ ಬೆಳಗ್ಗೆ ಐದು ಗಂಟೆಗೆ ಒಂದು ಸದ್ದಿಲ್ಲ. ಇಬ್ಬನಿ ಬಿದ್ದಿರುತ್ತೆ, ಕೆಂಬೂತ ಕೂಗುತ್ತೆ, ಹಸು ಮೆಲುಕು ಹಾಕ್ತಿರುತ್ತೆ. ಆ ಒಂದು ಗಂಟೆಗೋಸ್ಕರ ನಾನೂ ಬದುಕಿದ್ದೀನಿ ಅಂದ್ರೆ ಸುಳ್ಳಲ್ಲ. ಒಬ್ಬನೇ ಕೂತು ಕೆಲಸ ಮಾಡೋ ಸುಖ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ರೆ ಏಕಾಂತ ಬೇರೆ, ಸಂಬಂಧ ಕಡಿದುಕೊಳ್ಳೋದು ಬೇರೆ. ಇವೆರಡನ್ನ ಒಂದೇ ಚೀಲಕ್ಕೆ ತುಂಬಿ ಮೇಲೆ ವೈರಾಗ್ಯ ಅಂತ ಚೀಟಿ ಅಂಟಿಸ್ತಿದ್ದೀವಿ. ನನ್ನ ತಕರಾರು ಇರೋದು ಅಲ್ಲಿ.

ನಿಜವಾಗಿ ಬಿಟ್ಟು ಹೋದೋರನ್ನ ನೋಡಿ. 2018ರಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ಆಯ್ತು. ಉತ್ತರದ ಕಡೆಯಿಂದ ದಿಗಂಬರ ಮುನಿಗಳು ಬರಿಗಾಲಲ್ಲಿ ನಡ್ಕೊಂಡು ಬಂದ್ರು. ಅವರಿಗಿಂತ ಬಿಟ್ಟೋರು ಯಾರಿದ್ದಾರೆ ಹೇಳಿ? ಮೈ ಮೇಲೆ ಬಟ್ಟೆ ಇಲ್ಲ. ಕೈಯಲ್ಲಿ ಒಂದು ನವಿಲುಗರಿ ಪಿಂಛಿ, ಒಂದು ಕಮಂಡಲು. ಆದ್ರೆ ಅವರ ಊಟ ಹೇಗೆ ಗೊತ್ತಾ? ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಸಂಸಾರಸ್ಥರು ಕೈ ಮೇಲೆ ಹಾಕಿದ್ದನ್ನ ಉಣ್ತಾರೆ. ಶ್ರಾವಕರ ಮನೆ ಇಲ್ಲ ಅಂದ್ರೆ ಮುನಿಗೆ ಆಹಾರ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಒಂದೇ ಕಡೆ ಇರ್ತಾರೆ, ನಡೆದಾಡಿದ್ರೆ ಹುಳು ಹುಪ್ಪಟೆ ಕಾಲಿಗೆ ಸಿಕ್ಕಿ ಸಾಯ್ತವೆ ಅಂತ. ಹುಳುವಿನ ಹಂಗೂ ಇಟ್ಕೊಂಡೋರು ಅವರು. ಎಲ್ಲ ಬಿಟ್ಟೋರೇ ದಿನಾ ಒಂದು ಮನೆ ಮುಂದೆ ನಿಲ್ಲೋ ನಿಯಮ ಇಟ್ಕೊಂಡಿದ್ದಾರೆ ಅಂದ್ಮೇಲೆ "ಯಾರ ಹಂಗೂ ಬೇಡ" ಅನ್ನೋಕೆ ನಮಗೆ ಏನು ಯೋಗ್ಯತೆ?

ನಮ್ಮ ಜಿಲ್ಲೆಯೋರನ್ನೇ ತಗೊಳ್ಳಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1930ರಲ್ಲಿ ಸನ್ಯಾಸ ತಗೊಂಡ್ರು. 2019ರಲ್ಲಿ ಲಿಂಗೈಕ್ಯರಾದಾಗ 111 ವರ್ಷ. ಮನೆ ಬಿಟ್ರು, ಸಂಸಾರ ಬಿಟ್ರು, ಜನ ಬಿಡ್ಲಿಲ್ಲ. ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಮಲಗೋಕೆ ಜಾಗ ಕೊಟ್ರು. ಆ ಅನ್ನಕ್ಕೆ ರಾಗಿ, ಕಾಯಿ ಎಲ್ಲಿಂದ ಬಂತು? ನಮ್ಮಂಥೋರ ಕಣದಿಂದಲೂ ಹೋಯ್ತು. ಸುಗ್ಗಿಯಲ್ಲಿ ಮಠಕ್ಕೆ ಅಂತ ಒಂದು ಚೀಲ ಎತ್ತಿಡೋ ಮನೆಗಳು ಇವತ್ತಿಗೂ ಇವೆ. ಆ ಸನ್ಯಾಸಿ ಕೊಟ್ಟಿದ್ದು ಎಷ್ಟೋ, ನಮ್ಮ ಹತ್ರ ಇಸ್ಕೊಂಡಿದ್ದೂ ಅಷ್ಟೇ. ಇಸ್ಕೊಳ್ಳೋಕೆ ನಾಚಿಕೆ ಪಟ್ಟಿದ್ರೆ ಆ ಮಕ್ಕಳು ಉಪವಾಸ ಇರ್ತಿದ್ರು.

ಅಕ್ಕಮಹಾದೇವಿ ಅರಮನೆ ಬಿಟ್ಟು ಹೊರಟೋಳು. ಕೊನೆಗೆ ಶ್ರೀಶೈಲದ ಕದಳಿಗೆ ಹೋದ್ಲು ಅನ್ನೋದು ಎಲ್ರಿಗೂ ಗೊತ್ತು. ಅದಕ್ಕೂ ಮೊದಲು ಕಲ್ಯಾಣಕ್ಕೆ ಹೋಗಿ, ಶರಣರ ಮುಂದೆ ನಿಂತು, ಅಲ್ಲಮನ ಪ್ರಶ್ನೆಗೆಲ್ಲ ಉತ್ತರ ಕೊಟ್ಟು ಹೋದ್ಲು ಅನ್ನೋದನ್ನ ಮರೀತೀವಿ. ಕಾಡಿಗೆ ಹೋಗೋಳು ಕೂಡ ತನ್ನೋರ ಮಧ್ಯೆ ಒಂದು ಸಲ ಕೂತು ಎದ್ದಳು.

ಹಿಂದಿನೋರು ಬೇಕುಗಳನ್ನ ಬಿಟ್ರು. ನಾವು ಬೇಕುಗಳನ್ನೆಲ್ಲ ಹಾಗೇ ಇಟ್ಕೊಂಡು ಜನಗಳನ್ನ ಬಿಡ್ತಿದ್ದೀವಿ. ಟಿವಿ ಬೇಕು, ಫ್ರಿಜ್ ಬೇಕು, ಬೋರ್ ಬೇಕು, ಸಿಸಿ ಕ್ಯಾಮೆರಾ ಬೇಕು, ಪಕ್ಕದ ತೋಟದೋನು ಮಾತ್ರ ಬೇಡ. ಇದಕ್ಕೆ ವೈರಾಗ್ಯ ಅನ್ನೋ ದೊಡ್ಡ ಹೆಸರು ಬೇಡ ಕಣ್ರಪ್ಪಾ.

ಹೊರದೇಶದ ಉದಾಹರಣೆ ಕೊಡೋರೂ ಇದ್ದಾರೆ. ಅಮೆರಿಕದ ಥೋರೋ ಅನ್ನೋನ ಪುಸ್ತಕ ನಮ್ಮ ಹುಡುಗ ಓದಿದ್ದ. ಕೂರಿಸ್ಕೊಂಡು ಪೂರ್ತಿ ಹೇಳಿಸ್ದೆ. 1845ರಲ್ಲಿ ವಾಲ್ಡನ್ ಅನ್ನೋ ಕೊಳದ ಪಕ್ಕ ಗುಡಿಸಲು ಹಾಕ್ಕೊಂಡು ಎರಡು ವರ್ಷ ಎರಡು ತಿಂಗಳು ಒಬ್ಬನೇ ಇದ್ದ. ಲೋಕವೆಲ್ಲ ಅವನನ್ನ ಒಂಟಿ ಬದುಕಿಗೆ ಗುರು ಅನ್ನುತ್ತೆ. ರೈತನ ಕಣ್ಣಲ್ಲಿ ಅವನ ಲೆಕ್ಕ ನೋಡಿ. ಜಾಗ ಸ್ನೇಹಿತನದ್ದು. ಮರ ಕಡಿಯೋಕೆ ಕೊಡಲಿ ಎರವಲು. ಎರಡೂವರೆ ಎಕರೆಯಷ್ಟು ಹುರುಳಿ ಜಾತಿ ಕಾಳು ಹಾಕ್ದ, ಉಳೋಕೆ ಬಾಡಿಗೆ ಜೋಡಿ ಮತ್ತೆ ಒಬ್ಬ ಆಳು. ಖರ್ಚು ಕಳೆದು ಆ ವರ್ಷ ಬೇಸಾಯದಲ್ಲಿ ಉಳಿದಿದ್ದು 8 ಡಾಲರ್ ಚಿಲ್ಲರೆ. ದಿನ ಬಿಟ್ಟು ದಿನ ಊರಿಗೆ ನಡ್ಕೊಂಡು ಹೋಗಿ ಸುದ್ದಿ ಕೇಳ್ಕೊಂಡು ಬರ್ತಿದ್ದ. ಗುಡಿಸಲಲ್ಲಿ ಬಂದೋರಿಗೆ ಅಂತ ಕುರ್ಚಿ ಇಟ್ಟಿದ್ದ. ಆಮೇಲೆ ವಾಪಸ್ ಊರಿಗೇ ಬಂದ. ಇದು ತಪ್ಪು ಅಂತ ನಾನು ಹೇಳ್ತಿಲ್ಲ. ಈ ಲೆಕ್ಕವನ್ನೆಲ್ಲ ಅವನೇ ಮುಚ್ಚಿಡದೆ ಬರೆದಿಟ್ಟಿದ್ದಾನೆ, ಅದು ಅವನ ದೊಡ್ಡತನ. ಮುಚ್ಚಿಡ್ತಿರೋರು ಅವನ ಹೆಸರು ಹೇಳೋರು.

ಅದೇ ದೇಶದ ಮೇನ್ ಅನ್ನೋ ರಾಜ್ಯದಲ್ಲಿ ಇನ್ನೊಬ್ಬ ಇದ್ದ. 1986ರಲ್ಲಿ, ಇಪ್ಪತ್ತು ವರ್ಷದ ಹುಡುಗ, ಕಾರು ಬಿಟ್ಟು ಕಾಡು ಹೊಕ್ಕ. 27 ವರ್ಷ ಯಾರ ಜೊತೆಗೂ ಮಾತಿಲ್ಲ. ಆ ಚಳಿ ದೇಶದಲ್ಲಿ ಬೆಂಕಿ ಕೂಡ ಹಾಕ್ಲಿಲ್ಲ, ಹೊಗೆ ಕಂಡ್ರೆ ಜನ ಬರ್ತಾರೆ ಅಂತ. 2013ರಲ್ಲಿ ಸಿಕ್ಕಿಬಿದ್ದ. ಸಿಕ್ಕಿದ್ದು ಎಲ್ಲಿ? ಒಂದು ಶಿಬಿರದ ಅಡುಗೆಮನೆಯಲ್ಲಿ, ಕಳ್ಳತನ ಮಾಡ್ತಾ. 27 ವರ್ಷದಲ್ಲಿ ಸುಮಾರು ಸಾವಿರ ಸಲ ಅಕ್ಕಪಕ್ಕದ ಮನೆಗಳಿಗೆ ನುಗ್ಗಿ ಊಟದ ಸಾಮಾನು, ಬ್ಯಾಟರಿ, ಗ್ಯಾಸ್ ಸಿಲಿಂಡರ್ ಹೊತ್ತೊಯ್ದಿದ್ದ. ಭೂಮಿ ಮೇಲೆ ಅವನಷ್ಟು ಒಂಟಿಯಾಗಿ ಬದುಕಿದೋರು ಕಮ್ಮಿ. ಅವನೂ ಬದುಕಿದ್ದು ಬೇರೆಯವರು ತಂದಿಟ್ಟ ಡಬ್ಬಿ ಮೇಲೆ. ಕೇಳಿ ಇಸ್ಕೊಂಡ್ರೆ ಹಂಗು. ಕೇಳದೆ ತಗೊಂಡ್ರೆ ಅದಕ್ಕೆ ಇನ್ನೊಂದು ಹೆಸರಿದೆ.

ಸಹಜ ಕೃಷಿಯ ಫುಕುವೋಕಾ ಹೆಸರು ಹೇಳೋರಿಗೂ ಒಂದು ಮಾತು. ಅವನು ಸಸ್ಯರೋಗದ ಕೆಲಸ ಬಿಟ್ಟು ಅಪ್ಪನ ಕಿತ್ತಳೆ ತೋಟಕ್ಕೆ ಬಂದ. ಗುಡಿಸಲಲ್ಲಿ ಒಬ್ಬನೇ ಇದ್ದು, ಏನೂ ಮಾಡದೆ ಗಿಡಗಳನ್ನ ಅವುಗಳ ಪಾಡಿಗೆ ಬಿಟ್ಟ. ಕೊಂಬೆಗೆ ಕೊಂಬೆ ಸಿಕ್ಕಿಕೊಂಡು, ಹುಳ ಬಿದ್ದು, ತೋಟ ಒಣಗಿಹೋಯ್ತು. ಸುಮ್ನೆ ಕೈ ಬಿಡೋದು ಬೇರೆ, ಸಹಜ ಕೃಷಿ ಬೇರೆ ಅಂತ ಆಮೇಲೆ ಅವನೇ ಹೇಳ್ದ. ಒಂದು ಸಲ ಮನುಷ್ಯರು ಸವರಿ ಬೆಳೆಸಿದ ಗಿಡವನ್ನ ಇದ್ದಕ್ಕಿದ್ದಂಗೆ ಬಿಟ್ರೆ ಅದು ಕಾಡುಗಿಡ ಆಗಲ್ಲ, ಸಾಯುತ್ತೆ. ಮನುಷ್ಯನೂ ಹಾಗೇ. ಜನದ ಮಧ್ಯೆ ಬೆಳೆದ ಜೀವ ನಾವು.

ಈಗ ನಮ್ಮ ತೋಟಕ್ಕೆ ಬನ್ನಿ. "ನನ್ನ ಬೇಲಿ ಒಳಗೆ ನಾನು" ಅಂತೀರಲ್ಲ, ಕಪ್ಪು ತಲೆ ಹುಳುಗೆ ನಿಮ್ಮ ಬೇಲಿ ಕಾಣುತ್ತಾ? ಗರಿ ಎಲ್ಲ ಕೆರೆದು ತಿಂದು ತೋಟಕ್ಕೆ ತೋಟ ಬೆಂಕಿ ಬಿದ್ದಂಗೆ ಆಗಿದ್ದನ್ನ ನಾವೆಲ್ಲ ನೋಡಿದ್ದೀವಿ. ಅದಕ್ಕೆ ಗೋನಿಯೋಜಸ್ ಅನ್ನೋ ಸಣ್ಣ ಕಣಜ ಬಿಡ್ತೀವಿ. ನಾನು ಕಣಜ ಬಿಟ್ಟೆ, ನೀವು ಪಕ್ಕದಲ್ಲಿ ಸುಮ್ನಿದ್ರಿ. ನನ್ನ ತೋಟದಲ್ಲಿ ಕಮ್ಮಿ ಆದ ಹುಳು ನಿಮ್ಮ ತೋಟದಿಂದ ಮತ್ತೆ ಬರುತ್ತೆ. ಇಲ್ಲ, ನಾನು ಕಣಜ ಬಿಟ್ಟ ವಾರದಲ್ಲೇ ನೀವು ವಿಷ ಹೊಡೆಸಿದ್ರಿ. ನನ್ನ ಕಣಜ ಸತ್ತುಹೋಯ್ತು. ಎರಡೂ ಕಡೆ ನಷ್ಟ.

ಸುಳಿ ಕೊರೆಯೋ ದುಂಬಿ ಕಥೆನೂ ಅಷ್ಟೇ. ಅದು ಮೊಟ್ಟೆ ಇಡೋದು ಗೊಬ್ಬರದ ಗುಂಡಿಯಲ್ಲಿ, ಕೊಳೆತ ತೆಂಗಿನ ಬುಡದಲ್ಲಿ. ಹೊಸ ಸಸಿ ಹಾಕಿದ ನಾನು ದಿನಾ ಸುಳಿ ನೋಡ್ತೀನಿ. ನೀವು ವರ್ಷಗಟ್ಟಲೆ ತಿರುವದ ಗುಂಡಿಯಲ್ಲಿ ಬಿಳೀ ಹುಳ ಹೆಬ್ಬೆರಳ ಗಾತ್ರ ಬೆಳೆದಿರುತ್ತೆ. ರಾತ್ರಿ ಹಾರಿಕೊಂಡು ಬಂದು ನನ್ನ ಸಸಿ ಸುಳಿ ಕೊರೆಯುತ್ತೆ. ನಿಮ್ಮ ಏಕಾಂತದ ಖರ್ಚು ಯಾರ ಲೆಕ್ಕಕ್ಕೆ ಬಿತ್ತು?

ನೀರಿನ ವಿಚಾರ ಹೇಳೋದೇ ಬೇಡ. ನೆಲದ ಮೇಲೆ ಬೇಲಿ ಇದೆ, ನೆಲದ ಕೆಳಗೆ ಬೇಲಿ ಇಲ್ಲ. ಒಬ್ಬ ಸಾವಿರ ಅಡಿ ಕೊರೆಸಿದ ಮೇಲೆ ಪಕ್ಕದೋನ ಬೋರ್ ಗಾಳಿ ಉಗುಳಿದ್ದನ್ನ ಯಾವ ಊರಲ್ಲಿ ನೋಡಿಲ್ಲ? ಕೆರೆ ಇದ್ದಾಗ ನೀರುಗಂಟಿ ಇದ್ದ, ಸರದಿ ಇತ್ತು, ಹೂಳು ಎತ್ತೋಕೆ ಮನೆಗೊಂದು ಆಳು ಅಂತ ಇತ್ತು. ಬೋರ್ ಬಂದ್ಮೇಲೆ ಎಲ್ರೂ ಅವರವರ ಸ್ವಿಚ್ಚು ಒತ್ಕೊಂಡು ರಾಜರಾದ್ರು. ಕೆರೆ ಏರಿ ಮೇಲೆ ಜಾಲಿ ಬೆಳೀತು. ಈಗ ಹೇಮಾವತಿ ನೀರು ನಮ್ಮ ಕೆರೆಗೆ ಬಿಡ್ಸಿ ಅಂತ ಕೇಳಬೇಕು ಅಂದ್ರೆ ಒಬ್ಬೊಬ್ಬನೇ ಹೋಗಿ ಅರ್ಜಿ ಕೊಟ್ರೆ ಯಾರು ಕೇಳ್ತಾರೆ? ಇನ್ನೂರು ಜನ ಹೋಗಿ ನಿಂತ್ರೆ ಕುರ್ಚಿ ಬಿಟ್ಟು ಎದ್ದು ಬರ್ತಾರೆ. ತೋಟ ಸೇರಿ ಬಾಗಿಲು ಹಾಕ್ಕೊಂಡೋರು ಇನ್ನೂರರಲ್ಲಿ ಒಂದು ಕಳೀತಾರೆ.

ಕೈ ಕೆಲಸನೂ ಹಾಗೇ. ಮೊದಲು ಮುಯ್ಯಾಳು ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ದುಡ್ಡು ಕೈ ಬದಲಾಯಿಸ್ತಿರ್ಲಿಲ್ಲ. ಈಗ ಕಾಯಿ ಕೀಳೋರು ಸಿಗಲ್ಲ, ಕಾಯಿ ಸುಲಿಯೋರು ಸಿಗಲ್ಲ, ಕೂಲಿ ಜಾಸ್ತಿ ಅಂತ ಎಲ್ರೂ ಗೋಳಾಡ್ತೀವಿ. ಮುಯ್ಯಾಳು ಬಿಟ್ಟಿದ್ದು ಯಾರೂ ಬಲವಂತ ಮಾಡಿ ಅಲ್ಲ. "ಅವನ ಹಂಗು ಯಾಕೆ" ಅಂತ ನಾವೇ ಬಿಟ್ವಿ. ಹಂಗು ಬಿಟ್ಟಿದ್ದಕ್ಕೆ ಕೂಲಿ ರೂಪದಲ್ಲಿ ದಂಡ ಕಟ್ತಿದ್ದೀವಿ.

ಇನ್ನೊಂದು ಮಾತು, ಗಂಡಸರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. "ನಾನು ಯಾರ ತಂಟೆಗೂ ಹೋಗಲ್ಲ, ತೋಟದಲ್ಲಿ ಒಬ್ಬನೇ ಇದ್ದೀನಿ" ಅನ್ನೋರ ಮನೆಗೆ ಹೋಗಿ ನೋಡಿದ್ದೀನಿ. ಒಳಗೆ ಅವರ ಹೆಂಡತಿ ಇರ್ತಾರೆ. ಎರಡು ಹೊತ್ತು ಮುದ್ದೆ ತಿರುವೋರು ಅವರು, ಸಗಣಿ ಬಾಚೋರು ಅವರು, ಹಾಲು ಕರೆಯೋರು ಅವರು. ಒಬ್ಬನೇ ಅನ್ನೋ ಲೆಕ್ಕದಲ್ಲಿ ಆಯಮ್ಮ ಸೇರಲೇ ಇಲ್ಲ. ಊರೊಳಗೆ ಇದ್ದಾಗ ನಲ್ಲಿ ಹತ್ರ ನಾಲ್ಕು ಜನ ಸಿಗ್ತಿದ್ರು, ಸ್ವಸಹಾಯ ಸಂಘದ ವಾರದ ಸಭೆ ಇತ್ತು, ಕಷ್ಟ ಸುಖ ಹೇಳ್ಕೊಳ್ಳೋಕೆ ಒಂದು ಜಗಲಿ ಇತ್ತು. ತೋಟದ ಮನೆಯಲ್ಲಿ ಸಂಜೆ ಆರಕ್ಕೆ ಕತ್ತಲು, ಆಮೇಲೆ ನಾಯಿ ಬೊಗಳೋದು ಬಿಟ್ರೆ ಏನಿಲ್ಲ. ಮೈ ಹುಷಾರಿಲ್ಲ ಅಂದ್ರೆ ಒಂದು ಲೋಟ ಬಿಸಿನೀರು ಕಾಯಿಸಿ ಕೊಡೋರಿಲ್ಲ. ಗಂಡ ಆರಿಸ್ಕೊಂಡ ಏಕಾಂತಕ್ಕೆ ಹೆಂಡತಿ ಯಾಕೆ ಸೆರೆಮನೆ ಅನುಭವಿಸಬೇಕು? ಹೋಗೋ ಮುಂಚೆ ಅವರನ್ನ ಒಂದು ಮಾತು ಕೇಳಿದ್ರಾ?

ನಮ್ಮ ಪಕ್ಕದ ಹಳ್ಳಿಯ ಒಬ್ಬ ಹಿರಿಯರು ಇದ್ದಾರೆ, ಹೆಸರು ಬೇಡ. ಹೆಂಡತಿ ತೀರಿಕೊಂಡ್ರು, ಮಕ್ಕಳು ಬೆಂಗಳೂರಲ್ಲಿ. ತೋಟದ ಮನೆಯಲ್ಲಿ ಒಬ್ಬರೇ, ಜೊತೆಗೆ ಎರಡು ಹಸು. ಹೋದ ವರ್ಷ ರಾತ್ರಿ ಹಿತ್ತಲಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಫೋನ್ ಮಂಚದ ಮೇಲೆ. ಕೂಗಿದ್ರೆ ಕೇಳೋಕೆ ಯಾರೂ ಇಲ್ಲ, ಹತ್ತಿರದ ಮನೆ ಅರ್ಧ ಮೈಲಿ. ಅವತ್ತು ಬೆಳಗ್ಗೆ ಹಾಲು ಬರ್ಲಿಲ್ಲ, ಡೈರಿಯೋರು ಎಲ್ಲೋ ಹೋಗಿರ್ತಾರೆ ಅಂದ್ಕೊಂಡ್ರು. ಸಂಜೆನೂ ಬರ್ಲಿಲ್ಲ. ಆಗ ಹಾಲು ಅಳೆಯೋ ಹುಡುಗನಿಗೆ ಅನುಮಾನ ಬಂದು ಬೈಕ್ ತಗೊಂಡು ಹೋದ. ದೂರದಿಂದಲೇ ಹಸು ಅರಚೋದು ಕೇಳಿಸ್ತು. ಅಜ್ಜ ಒಂದು ಹಗಲು ಪೂರ್ತಿ ನೀರಿಲ್ಲದೆ ಬಿದ್ದಿದ್ರು. ಆಸ್ಪತ್ರೆಗೆ ಹಾಕಿ, ಆಪರೇಷನ್ ಆಗಿ, ಈಗ ಕೋಲು ಹಿಡ್ಕೊಂಡು ಓಡಾಡ್ತಾರೆ. ಅವರನ್ನ ಉಳಿಸಿದ್ದು ಯಾವುದು? ದಿನಾ ಎರಡು ಹೊತ್ತು ಡೈರಿಗೆ ಹೋಗಿ ನಾಲ್ಕು ಜನದ ಮುಂದೆ ಕ್ಯಾನ್ ಇಡೋ ಅಭ್ಯಾಸ. ಬರದೇ ಇದ್ದಾಗ ಗೊತ್ತಾಗಬೇಕು ಅಂದ್ರೆ ಮೊದಲು ಬರ್ತಾ ಇರಬೇಕು.

"ಊರೇನು ಸ್ವರ್ಗನಾ?" ಅಂತ ನೀವು ಕೇಳ್ತೀರಿ. ಅಲ್ಲ. ಎಷ್ಟೋ ಜನರನ್ನ ಊರೇ ಆಚೆ ಇಟ್ಟಿತ್ತು. ಕೇರಿಯೋರು ಊರ ಬಾವಿ ಮುಟ್ಟಂಗಿರ್ಲಿಲ್ಲ, ಹೋಟ್ಲಲ್ಲಿ ಲೋಟ ಬೇರೆ ಇತ್ತು. ಅಂಥೋರು ಒಂದು ತುಂಡು ಜಮೀನು ಮಾಡ್ಕೊಂಡು ಅಲ್ಲೇ ಮನೆ ಕಟ್ಟಿ, ಊರಿನ ಸಹವಾಸ ಸಾಕು ಅಂದ್ರೆ ಅವರಿಗೆ ನಾನು ಒಂದು ಮಾತೂ ಹೇಳಲ್ಲ. ಅದು ಏಕಾಂತದ ಶೋಕಿ ಅಲ್ಲ, ಮರ್ಯಾದೆ ಉಳಿಸ್ಕೊಂಡಿದ್ದು. ಅಲ್ಲಿ ತಿದ್ಕೋಬೇಕಾದೋರು ಊರಿನೋರು. ಕುಡುಕ ಗಂಡನ ಮನೆ ಬಿಟ್ಟು ತವರಿನ ಹೊಲದಲ್ಲಿ ಗುಡಿಸಲು ಹಾಕ್ಕೊಂಡ ಹೆಣ್ಣುಮಗಳಿಗೂ ಇದೇ ಮಾತು. ನಾನು ಜಗಳ ಆಡ್ತಿರೋದು ಯಾರೂ ಓಡಿಸದೆ, ಎಲ್ಲ ಅನುಕೂಲ ಇದ್ದು, "ಜನ ಸರಿ ಇಲ್ಲ" ಅಂತ ಬಾಗಿಲು ಹಾಕ್ಕೊಳ್ಳೋರ ಜೊತೆ. ಜನ ಸರಿ ಇಲ್ಲ ಅನ್ನೋದು ನಿಜವೇ. ಆ ಜನದಲ್ಲಿ ನೀವೂ ಒಬ್ರು, ನಾನೂ ಒಬ್ಬ.

ಒಬ್ಬನೇ ಇರಬೇಕು ಅನ್ನಿಸಿದ್ರೆ ಇರಿ. ನಮ್ಮ ಸಿದ್ಧರ ಬೆಟ್ಟ ಹತ್ತಿ ಒಂದು ದಿನ ಕೂತು ಬನ್ನಿ. ಬೆಳಗಿನ ಜಾವ ತೋಟದಲ್ಲಿ ಫೋನ್ ಇಲ್ಲದೆ ಓಡಾಡಿ. ಮದುವೆ ಸೀಸನ್‌ನಲ್ಲಿ ಹತ್ತಕ್ಕೆ ಎರಡು ಹೋಗಿ, ಎಂಟು ಬಿಡಿ, ಯಾರೂ ಸಾಯಲ್ಲ. ಅಷ್ಟು ಏಕಾಂತ ಮನುಷ್ಯನಿಗೆ ಬೇಕು. ತಲೆ ತೊಳೆದಂಗೆ ಆಗುತ್ತೆ. ತೊಳ್ಕೊಂಡ ತಲೆ ಹೊತ್ಕೊಂಡು ವಾಪಸ್ ಬನ್ನಿ ಅಷ್ಟೇ.

ಇನ್ನು ಇದನ್ನ ಬರೆಯೋಕೆ ಕೂತ ನಿಜವಾದ ಕಾರಣ. ವೈರಾಗ್ಯ ಅನ್ನೋ ಮಾತಿನ ಹಿಂದೆ ಕೆಲವು ಸಲ ಸಾಲ ಅಡಗಿರುತ್ತೆ. ಬೋರ್ ಫೇಲ್ ಆಗಿದೆ, ಸೊಸೈಟಿ ಸಾಲ, ಕೈ ಸಾಲ, ಚಿನ್ನ ಬ್ಯಾಂಕಲ್ಲಿದೆ. ಮುಖ ತೋರಿಸೋಕೆ ಆಗಲ್ಲ. ಮೊದಲು ಟೀ ಅಂಗಡಿಗೆ ಬರೋದು ಬಿಡ್ತಾನೆ. ಆಮೇಲೆ ಮದುವೆ, ತಿಥಿ. ಆಮೇಲೆ ಡೈರಿಗೆ ಹೆಂಡತಿನ ಕಳಿಸ್ತಾನೆ. ಆಮೇಲೆ ಫೋನ್ ಎತ್ತಲ್ಲ. ನಾವು ದೂರದಿಂದ ನೋಡಿ "ಪಾಪ, ಅವನಿಗೆ ಯಾವುದೂ ಬೇಡ ಆಗಿದೆ, ಸಾಧು ಥರ ಆಗಿದ್ದಾನೆ" ಅಂತ ಹೊಗಳ್ತೀವಿ. ಅದು ಸಾಧುತನ ಅಲ್ಲ ಕಣ್ರಪ್ಪಾ. ನಮ್ಮ ಜನ ಜೀವ ಕಳ್ಕೊಂಡ ಸುದ್ದಿ ಬಂದಾಗೆಲ್ಲ "ಇತ್ತೀಚೆಗೆ ಯಾರ ಜೊತೆನೂ ಸೇರ್ತಿರ್ಲಿಲ್ಲ" ಅಂತ ಆಮೇಲೆ ಹೇಳ್ತೀವಲ್ಲ, ಆ ಮಾತನ್ನ ಮೊದಲೇ ಕಿವಿಗೆ ಹಾಕ್ಕೊಳ್ಳಿ. ಹೋಗಿ ಬಾಗಿಲು ತಟ್ಟಿ. ಸಾಲದ ವಿಚಾರ ಎತ್ತಬೇಡಿ, ಗುದ್ದಲಿ ಕೇಳೋ ನೆಪ ಮಾಡ್ಕೊಂಡು ಹೋಗಿ, ಕೂತು ಒಂದು ಲೋಟ ಟೀ ಕುಡಿದು ಬನ್ನಿ. ನಾಲ್ಕು ದಿನ ಬಿಟ್ಟು ಗುದ್ದಲಿ ವಾಪಸ್ ಕೊಡೋ ನೆಪದಲ್ಲಿ ಮತ್ತೆ ಹೋಗಿ. ಮಾತು ಬಿಗಿ ಅನ್ನಿಸಿದ್ರೆ ಸರ್ಕಾರದ ಟೆಲಿ ಮಾನಸ್ ಅಂತ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ. ಫೋನ್ ಹಚ್ಚಿ ಅವರ ಕೈಗೆ ಕೊಡಿ.

ಬರೀ ಮಾತು ಆಯ್ತು ಅನ್ನಬೇಡಿ. ಬರೋ ಭಾನುವಾರ ಬೆಳಗ್ಗೆ ಏಳಕ್ಕೆ ಗೊಬ್ಬರದ ಗುಂಡಿ ತಿರುವೋ ಕೆಲಸ ಇಟ್ಕೊಂಡಿದ್ದೀವಿ. ಹಳ್ಳದ ಪಕ್ಕದ ತೋಟಗಳಿಂದ ಶುರು. ಬಿಳೀ ಹುಳ ಆರಿಸಿ ಹಾಕೋದು, ಮೆಟಾರೈಜಿಯಂ ಪುಡಿ ಗೊಬ್ಬರಕ್ಕೆ ಬೆರೆಸೋದು, ಕೊಳೆತ ಬುಡ ಎಲ್ಲಿದೆ ಅಂತ ಗುರುತು ಮಾಡಿ ಕೀಳೋದು. ಒಂದು ದಿನಕ್ಕೆ ಆರು ಗುಂಡಿ ಆಗುತ್ತೆ, ಮುಂದಿನ ವಾರ ಬೇರೆ ದಿಕ್ಕು. ಮೊದಲ ದಿನದ ಊಟ ನಮ್ಮನೇಲಿ, ಮುದ್ದೆ ಮತ್ತೆ ಹುರುಳಿಕಾಳು ಸಾರು. ಅಡುಗೆ ಗಂಡಸರದ್ದು, ಹೆಂಗಸರು ಕೂತು ಉಣ್ಣಲಿ.

ಗುದ್ದಲಿ, ಹಾರೆ ತನ್ನಿ. ಯಾರು ಬರಲ್ಲ ಅಂತೀರೋ ಅವರ ಗುಂಡಿಗೇ ಮೊದಲು ಬರ್ತೀವಿ. ಜಗಳ ಇದ್ರೆ ಅಲ್ಲೇ ಗುಂಡಿ ಪಕ್ಕ ಆಡೋಣ.